ಬಾವಿಯಲ್ಲಿ ಹೊಳೆಯುವ ಕಲ್ಲು ಸಿಕ್ರೆ ಚಿನ್ನ ಉಂಟಾ ಅಂತ ನೋಡುದು ಹೇಗೆ

ನಮ್ಮ ಉಡುಪಿ ಮಂಗಳೂರು ಕಡೆ ಬಾವಿ ತೋಡುವಾಗ ಮುರಕಲ್ಲು ಮುಗಿದು ಗಟ್ಟಿ ಪಾದೆ ಸಿಕ್ಕಿ, ಅದ್ರಲ್ಲಿ ಎಂತಾದ್ರೂ ಹಳದಿ ಮಿನುಗಿದ್ರೆ ಸಾಕು, ವಾಟ್ಸಾಪ್‌ಗೆ ಫೋಟೋ ಬರ್ತದೆ, ಇದು ಚಿನ್ನವಾ ನೋಡಿ ಅಂತ. ಹೊಳಪು ಬಿಡಿ ಮಾರಾಯ್ರೇ, ಜೊತೆಗೆ ಎಂತ ಉಂಟು ಅದನ್ನು ನೋಡಿ.

ಮೊದ್ಲು ಗ್ರಾನೈಟ್ ಇರುವಲ್ಲಿ ಚಿನ್ನ ಕಲ್ಲಿಗೆ ಬರುದು ಹೇಗೆ ಅಂತ ಗೊತ್ತಿರ್ಬೇಕು. ಕೆಲವು ಕಿಲೋಮೀಟರ್ ಆಳದಲ್ಲಿ ಶಿಲಾರಸ ಮೇಲೆ ನುಗ್ಗಿ ಅಲ್ಲೇ ಸಿಕ್ಕಿಬಿದ್ದು ನಿಧಾನ ತಣ್ಣಗಾಗಿ ಗ್ರಾನೈಟ್ ಜಾತಿಯ ಕಲ್ಲಾಗ್ತದೆ, ಆಗ ಹರಳಿಗೆ ಸೇರದ ನೀರು, ಕಾರ್ಬನ್ ಡೈಆಕ್ಸೈಡ್, ಗಂಧಕ, ಕ್ಲೋರಿನ್ ಎಲ್ಲ ಉಳಿದ ರಸದಲ್ಲಿ ಒಟ್ಟಾಗಿ ಕೊನೆಗೆ ಬಿಸಿ ದ್ರವವಾಗಿ ಹೊರಡ್ತದೆ, ಗಂಧಕವನ್ನೋ ಕ್ಲೋರಿನನ್ನೋ ಹಿಡ್ಕೊಂಡು ಚಿನ್ನವೂ ಕರಗಿ ಅದ್ರೊಟ್ಟಿಗೆ ಹೋಗ್ತದೆ. ಬಿರುಕು ಸಿಕ್ಕಿದಲ್ಲಿ ಒತ್ತಡ ಪಕ್ಕನೆ ಇಳಿದು, ಗೋಲಿ ಸೋಡಾ ಒಡೆದ ಹಾಗೆ ಗ್ಯಾಸ್ ಬಿಟ್ಟು ಗಂಧಕ ಹಾರಿಹೋಗ್ತದೆ, ಇಲ್ಲದಿದ್ರೆ ಸುತ್ತಲಿನ ಕಲ್ಲಿನ ಕಬ್ಬಿಣ ಅದನ್ನು ಎಳ್ಕೊಂಡು ಪೈರೈಟ್ (ಚಿನ್ನದ ಹಾಗೆ ಹಳದಿ ಹೊಳೆಯುವ ಖನಿಜ) ಆಗ್ತದೆ. ಗಂಧಕ ಕೈಬಿಟ್ಟ ಚಿನ್ನ ಅಲ್ಲೇ ಬೆಣಚುಕಲ್ಲಿನ ಗೆರೆಯಲ್ಲಿ ಕೂತ್ಕೊಳ್ತದೆ.

ಹಾಗಾಗಿ ಹುಡುಕ್ಬೇಕಾದ್ದು ಸಾಲಾಗಿ ಓಡುವ ಸಪೂರ ಬಿಳಿ ಗೆರೆ. ಗ್ರಾನೈಟ್ ಹತ್ತಿರ ಆದ್ರೆ ಬಿಸ್ಮತ್, ಟೆಲ್ಲೂರಿಯಂ, ಟಂಗ್‌ಸ್ಟನ್ ಜೊತೆಗಿರ್ತದೆ, ಸ್ವಲ್ಪ ದೂರ ಹೋದ್ರೆ ಆರ್ಸೆನಿಕ್, ಆಂಟಿಮನಿ, ಇನ್ನೂ ದೂರ ಬೆಳ್ಳಿ, ಸೀಸ, ಸತು. ಇದನ್ನು ಲ್ಯಾಬೇ ಹೇಳ್ಬೇಕು. ಅಲಾಸ್ಕಾದ ಫೋರ್ಟ್ ನಾಕ್ಸ್ ಗಣಿ ಇದೇ ಜಾತಿಯದ್ದು, ಅಲ್ಲಿ ಒಂದು ಟನ್ ಕಲ್ಲಿಗೆ 1 ಗ್ರಾಮ್ ಚಿನ್ನವೂ ಸರಿಯಾಗಿ ಇಲ್ಲ, ಕಣ್ಣಿಗೆ ಎಲ್ಲಿಂದ ಕಾಣ್ಬೇಕು! ಕೋಲಾರ, ಹಟ್ಟಿಯ ಲೆಕ್ಕ ಇಲ್ಲಿಗೆ ತರ್ಬೇಡಿ, ಅದು ಬೇರೆ ತರದ ನಿಕ್ಷೇಪ. ಮಲ್ಪೆ ಎದುರಿನ ಸೇಂಟ್ ಮೇರಿಸ್ ದ್ವೀಪದ ಕಂಬ ಕಲ್ಲು ಸಹ ಶಿಲಾರಸದ್ದೇ, ಆದ್ರೆ ಮೇಲ್ಮೈ ಹತ್ತಿರ ಬೇಗ ತಣ್ಣಗಾದದ್ದು, ಈ ಕಥೆ ಅದಕ್ಕೂ ಹೊಂದುದಿಲ್ಲ.

ಮನೆಯಲ್ಲಿ ಮಾಡುವ ಟೆಸ್ಟ್ ಸುಲಭ. ಉಗುರಲ್ಲಿ ಪದರ ಎದ್ದು ಬಂದ್ರೆ ಅಭ್ರಕ. ಬಾತ್‌ರೂಮ್ ಟೈಲ್ಸಿನ ಹಿಂಬದಿ, ಪಾಲಿಶ್ ಇಲ್ಲದ ಬಿಳಿ ಭಾಗಕ್ಕೆ ಉಜ್ಜಿ, ಕಪ್ಪು ಗೆರೆ ಬಂದ್ರೆ ಹೆಚ್ಚಾಗಿ ಪೈರೈಟ್, ಹಳದಿ ಗೆರೆ ಬಂದ್ರೆ ಮುಂದೆ ಯೋಚಿಸ್ಬಹುದು. (ಮಂಗಳೂರು ಹೆಂಚಿಗೆ ಉಜ್ಜಬೇಡಿ, ಕೆಂಪಲ್ಲಿ ಗೆರೆಯೇ ತಿಳಿಯುದಿಲ್ಲ.) ಸೂಜಿ ಒತ್ತಿದ್ರೆ ಚಿನ್ನ ತಗ್ಗಾಗ್ತದೆ, ಪೈರೈಟ್ ಪುಡಿ ಆಗ್ತದೆ.

ಮತ್ತೂ ಡೌಟ್ ಇದ್ರೆ ಕೊಣಾಜೆಯ ಮಂಗಳೂರು ವಿಶ್ವವಿದ್ಯಾನಿಲಯದಲ್ಲಿ ಮೆರೈನ್ ಜಿಯಾಲಜಿ ವಿಭಾಗ ಉಂಟು, ಕೇಳಿ ನೋಡಿ. ಹೋಗುವಾಗ ಪುಡಿ ತಗೊಂಡು ಹೋಗ್ಬೇಡಿ, ಹೊಸದಾಗಿ ಒಡೆದ ಮುಷ್ಟಿ ಗಾತ್ರದ ತುಂಡು ಬೇಕು, ಎಷ್ಟು ಅಡಿ ಕೆಳಗೆ ಸಿಕ್ಕಿದ್ದು ಅಂತ ಚೀಟಿ ಬರೆದು ಅಂಟಿಸಿ.