ಬಲೂನಿಗೆ ಹೆದರುವ ಮಗ ಮತ್ತು ಬರ್ತ್‌ಡೇ ಪಾರ್ಟಿ: ನನ್ನ ಅನುಭವ

ಮೊನ್ನೆ ಭಾನುವಾರ ಜಯನಗರದ ಬರ್ಗರ್ ಅಂಗಡಿಯೊಂದರ ಪಾರ್ಟಿಯಲ್ಲಿ ನನ್ನ ಮಗ ಕೊನೇ ತನಕ ಇದ್ದ. ಒಳಗೆ ಚಾಕೊಲೇಟ್ ತುಂಬಿಸಿ ಕಟ್ಟಿರೋ ದೊಡ್ಡ ಬಲೂನ್ ಒಡೆಯುವಾಗಲೂ ಇದ್ದ. ಸದ್ದಿಗೆ ಬೆಚ್ಚಿಬೀಳುವ ಮಕ್ಕಳ ಅಮ್ಮಂದಿರಿಗೆ ಇದೆಷ್ಟು ದೊಡ್ಡದು ಅಂತ ಗೊತ್ತು.

ಎಲ್‌ಕೆಜಿಯಿಂದ ಈವರೆಗೆ ಹದಿನಾಲ್ಕೋ ಹದಿನೈದೋ ಪಾರ್ಟಿಗೆ ಹೋಗಿದ್ದೇವೆ. ಮೊದಲ ಎಂಟು ಪೂರ್ತಿ ಲಾಸ್. ಗಿಫ್ಟ್‌ಗೆ 400, ಆಟೋಗೆ ಹೋಗಿಬರೋಕೆ 250ರ ಹತ್ತಿರ, ಹತ್ತೇ ನಿಮಿಷಕ್ಕೆ ವಾಪಸ್. ಐದು ಸಾವಿರ ಹೋಯ್ತು. ಒಂದು ಕಡೆ ಆಟ ಆಡಿಸುವ ಹುಡುಗ ಹೇಳದೆ ಕೇಳದೆ ಬಣ್ಣದ ಕಾಗದ ಚೆಲ್ಲುವ ಪಾರ್ಟಿ ಪಾಪರ್ ಸಿಡಿಸಿದ, ಮಗ ಗಾಜಿನ ಬಾಗಿಲು ತಳ್ಳಿಕೊಂಡು ಫುಟ್‌ಪಾತಿಗೆ ಓಡಿಬಿಟ್ಟ, ಕೈಯಲ್ಲಿ ಅರ್ಧ ತಿಂದ ಫ್ರೆಂಚ್ ಫ್ರೈ ಹಾಗೇ ಇತ್ತು. ನನಗೆ ಜೀವ ಬಾಯಿಗೆ ಬಂತು.

ಕಿವಿಗೆ ಹತ್ತಿ ಇಟ್ಟೆ, ಕಿತ್ತು ಬಿಸಾಡಿದ. 900 ಕೊಟ್ಟು ಕಿವಿ ಮುಚ್ಚುವ ಮಫ್ ತಂದೆ, ಬೇರೆ ಮಕ್ಕಳು ಎಳೆದಾಡಿದರು. ಲೇಟಾಗಿ ಹೋಗಿದ್ದಂತೂ ದೊಡ್ಡ ತಪ್ಪು, ಮೈಕು, ಹಾಡು, ಕಿರುಚಾಟ ಎಲ್ಲ ಒಟ್ಟಿಗೇ ಬಡಿಯುತ್ತೆ. ಹೋಗೋದೇ ಬೇಡ ಅನ್ನೋಕೂ ಆಗಲ್ಲ. 1995ರಲ್ಲಿ ಬ್ರಿಗೇಡ್ ರೋಡಿಗೆ ಕೆಎಫ್‌ಸಿ ಬಂದಾಗ ನಾನು ಸ್ಕೂಲಿನಲ್ಲಿದ್ದೆ, ನಮಗೆ ಹುಟ್ಟುಹಬ್ಬ ಅಂದ್ರೆ ಹೊಸ ಬಟ್ಟೆ, ದೇವಸ್ಥಾನ, ಕ್ಲಾಸಿಗೆ ಚಾಕೊಲೇಟ್, ಅಷ್ಟೇ. ಈಗ ಪಾರ್ಟಿ ತಪ್ಪಿದ ಮಗು ಸೋಮವಾರ ಕ್ಲಾಸಿನಲ್ಲಿ ಒಂಟಿ.

ಆಮೇಲೆ ಅರ್ಧ ಮುಕ್ಕಾಲು ಗಂಟೆ ಮುಂಚೆ ಹೋಗೋಕೆ ಶುರು ಮಾಡಿದೆ. "ಅಷ್ಟು ಬೇಗ ಹೋಗಿ ಕೂತ್ರೆ ತಿನ್ನೋಕೇ ಬಂದವ್ರೆ ಅನ್ಕೋತಾರೆ ಕಣಮ್ಮ" ಅಂದರು ಅತ್ತೆ. ನಾನು ಹಿಂದಿನ ದಿನವೇ ಬರ್ತ್‌ಡೇ ಮಗುವಿನ ಅಮ್ಮನಿಗೆ ಫೋನ್ ಮಾಡಿ, ಡೆಕೋರೇಷನ್‌ಗೆ ಕೈ ಹಾಕ್ತೀವಿ ರೀ ಅಂದೆ. ಯಾರೂ ಬೇಡ ಅನ್ನಲಿಲ್ಲ.

ಆ ಹೊತ್ತಿನಲ್ಲಿ ಹಾಡಿರಲ್ಲ. ಫ್ರೈಯರ್‌ನ ಬೀಪ್ ಬೀಪ್ ಮಾತ್ರ. ಮಗ ಮೊದಲು ನನ್ನ ದುಪಟ್ಟಾ ಹಿಡಿದು ನಿಂತಿದ್ದ, ಎರಡನೇ ಸಲ ಅಲ್ಲಿನ ಹುಡುಗ ಬಲೂನ್ ಊದುವ ಪಂಪ್ ಕೈಗೆ ಕೊಟ್ಟ. ಅರ್ಧ ಊದಿದ ಬಲೂನ್ ಒಡೆದರೆ ಸದ್ದು ಕಮ್ಮಿ, ಅದು ಅವನಿಗೆ ಅಲ್ಲೇ ಗೊತ್ತಾಯ್ತು. ಮನೆಗೆ 50 ಬಲೂನಿನ ಪ್ಯಾಕೆಟ್ ತಂದೆ, ನೂರೆಪ್ಪತ್ತೈದು ರೂಪಾಯಿ ಇರಬೇಕು. ಶನಿವಾರ ಹತ್ತು ಹದಿನೈದು ಅವನೇ ಊದಿ, ಅವನೇ ಪಿನ್ ಚುಚ್ಚಿ ಒಡೆಯುತ್ತಿದ್ದ, ವಾರ ವಾರ ಸ್ವಲ್ಪ ಜಾಸ್ತಿ ಊದಿ. ಅವನಿಗೆ ಸದ್ದಿಗಿಂತ ಅದು ಯಾವಾಗ ಬರುತ್ತೆ ಗೊತ್ತಿಲ್ಲದ್ದೇ ಭಯ ಅಂತ ನಾನು ಕಂಡುಕೊಂಡೆ, ಇದನ್ನು ನನಗೆ ಯಾರೂ ಹೇಳಿಕೊಟ್ಟಿದ್ದಲ್ಲ.

ಸುಮ್ನೆ ಫೋನಿನ ಆಪ್‌ನಲ್ಲಿ ಸದ್ದೂ ಅಳೆದೆ. ಸ್ಪೀಕರ್ ಪಕ್ಕ 95 ಡೆಸಿಬಲ್ ಹತ್ತಿರ, ಕೈ ತೊಳೆಯುವ ಜಾಗದಲ್ಲಿ 80 ಚಿಲ್ಲರೆ. ಬೆಳಗ್ಗೆ 11ರ ಪಾರ್ಟಿ ಸಂಜೆಯದಕ್ಕಿಂತ ಎಷ್ಟೋ ವಾಸಿ, ಕೌಂಟರ್ ಮುಂದೆ ಜನ ಇರಲ್ಲ. ಕೇಕ್ ಬರೋ ಮುಂಚೆ ಮಗನ ಕಿವಿಯಲ್ಲಿ ಒಂದು ಮಾತು ಹೇಳ್ತೀನಿ, ಅದು ನಮ್ಮಿಬ್ಬರದ್ದು, ಇಲ್ಲಿ ಬರೆಯಲ್ಲ.

ಭಾನುವಾರ ದೊಡ್ಡ ಬಲೂನ್ ಒಡೆಯುವವನಿಗೆ "ಎಣಿಸಿ ಒಡೀರಪ್ಪ" ಅಂದಿದ್ದೆ. ಎಣಿಸಿದ್ದು ನನ್ನ ಮಗ. ಮೂರು ಅಂದ, ತಾನೇ ಅಂಗೈಯಿಂದ ಕಿವಿ ಮುಚ್ಚಿಕೊಂಡ. ಢಂ! ತಲೆ ತುಂಬ ಥರ್ಮಾಕೋಲ್ ಕಾಳು. ಒಂದು ಕ್ಷಣ ಹಾಗೇ ನಿಂತ, ಆಮೇಲೆ ಬಗ್ಗಿ ಎಲ್ಲರ ಕಾಲ ಸಂದಿಯಲ್ಲಿ ನುಗ್ಗಿ ಮೂರು ಚಾಕೊಲೇಟ್ ಹೆಕ್ಕಿಕೊಂಡು ಬಂದ. ಒಂದು ಅಜ್ಜಿಗೆ ಅಂತ ಜೇಬಿಗೆ ಹಾಕಿಕೊಂಡ.