ಪರದೇಶದಲ್ಲಿ ಕಡಕ್ ಟೀ: ಯಾವ ಪುಡಿ, ಯಾವ ಅಂಗಡಿ, ಎಷ್ಟು ದುಡ್ಡು

ಕೊಡಗಿನಿಂದ ಓದಿಗೋ ಕೆಲಸಕ್ಕೋ ಹೊರದೇಶಕ್ಕೆ ಹೊರಟವರು ಕಾಫಿಪುಡಿಯನ್ನು ಮರೆಯದೆ ಕಟ್ಟಿಕೊಳ್ಳುತ್ತಾರೆ. ಟೀ ಬಗ್ಗೆ ಮಾತ್ರ 'ಅದು ಎಲ್ಲಿಯಾದರೂ ಸಿಗುತ್ತೆ ಬಿಡು' ಎಂಬ ಉಡಾಫೆ. ಸಿಗುವುದೇನೋ ಸಿಗುತ್ತದೆ. ಆದರೆ ಅಲ್ಲಿಯ ಸೂಪರ್ ಮಾರ್ಕೆಟ್ಟಿನಲ್ಲಿ ಚಂದದ ಡಬ್ಬಿ ನೋಡಿ ಕೊಂಡ ಟೀಗೆ ಹಾಲು ಹಾಕಿದರೆ ಬೂದು ಬಣ್ಣದ ಬಿಸಿನೀರಾಗುತ್ತದೆ. ಬೈಗುಳವೆಲ್ಲ ಪುಡಿಯ ಪಾಲಿಗೆ. ತಪ್ಪು ಎಷ್ಟೋ ಸಲ ನೀರಿನದು, ಹಾಲಿನದು ಅಥವಾ ಕುದಿಸುವ ಹೊತ್ತಿನದು. ಒಂದೊಂದಾಗಿ ನೋಡೋಣ.

ಬ್ರ್ಯಾಂಡ್ ಬಿಡಿ, ಕಾಳು ನೋಡಿ

ನಮ್ಮ ಕಡೆ ಹಾಲಿನ ಟೀಗೆ ಬಳಸುವುದು ಸಿಟಿಸಿ ಟೀ. ಎಲೆಯನ್ನು ಹಲ್ಲಿನ ರೋಲರುಗಳ ನಡುವೆ ಅರೆದು, ಹರಿದು, ಸುರುಳಿಸಿ ಕಾಳಾಗಿ ಮಾಡಿದ್ದು. ಈ ಕಾಳಿನಲ್ಲೂ ಗಾತ್ರದ ಮೇಲೆ ದರ್ಜೆಗಳಿವೆ: ದೊಡ್ಡದು ಬಿಒಪಿ, ಬಿಪಿ, ಅದಕ್ಕಿಂತ ಸಣ್ಣದು ಪಿಎಫ್, ತೀರಾ ಸಣ್ಣದು ಪಿಡಿ, ಎಸ್‌ಆರ್‌ಡಿ ಮುಂತಾದ ಡಸ್ಟ್. ದಕ್ಷಿಣದವರ ನಾಲಿಗೆಗೆ ಒಗ್ಗಿರುವುದು ಈ ಡಸ್ಟ್. ಬೇಗ ಬಣ್ಣ ಬಿಡುತ್ತದೆ, ಒಗರು ಗಟ್ಟಿ, ಹಾಲು ಸುರಿದರೂ ಸೋಲುವುದಿಲ್ಲ. ಪರಿಮಳ ಸ್ವಲ್ಪ ಕಡಿಮೆ, ಅಷ್ಟೆ.

ಹೊರಗಿನ ಇಂಡಿಯನ್ ಅಂಗಡಿಗಳಲ್ಲಿ ಉತ್ತರ ಭಾರತದವರ ರುಚಿಯ ದೊಡ್ಡ ಕಾಳಿನ ಪ್ಯಾಕೆಟ್ಟುಗಳೂ ಇರುತ್ತವೆ. ಅದು ಕಳಪೆಯಲ್ಲ. ಆದರೆ ಡಸ್ಟಿಗೆ ಎರಡು ನಿಮಿಷದ ಕುದಿ ಸಾಕಾದರೆ, ಅದಕ್ಕೆ ನಾಲ್ಕೈದು ನಿಮಿಷ ಬೇಕು. 'ಇದರಲ್ಲಿ ಸ್ಟ್ರಾಂಗೇ ಇಲ್ಲ' ಎಂದು ಪ್ಯಾಕೆಟ್ ಎಸೆಯುವ ಮೊದಲು ಇನ್ನೆರಡು ನಿಮಿಷ ಕುದಿಸಿ ನೋಡಿ.

ಡಬ್ಬಿಯ ಮೇಲೆ ಅಸ್ಸಾಂ, ಕೀನ್ಯಾ, ಇಂಗ್ಲಿಷ್ ಬ್ರೇಕ್‌ಫಾಸ್ಟ್ ಎಂದಿದ್ದರೆ ಹಾಲಿಗೆ ಹೊಂದುತ್ತದೆ. ಅರ್ಲ್ ಗ್ರೇಯಲ್ಲಿ ಬರ್ಗಮಾಟ್ ಎಂಬ ನಿಂಬೆಜಾತಿಯ ಹಣ್ಣಿನ ಎಣ್ಣೆಯ ವಾಸನೆ ಇರುತ್ತದೆ, ಏಲಕ್ಕಿ ಶುಂಠಿಯ ಜೊತೆ ಕುದಿಸಿದರೆ ಸೋಪು ಕುಡಿದಂತೆ. ಡಾರ್ಜಿಲಿಂಗ್‌ಗೆ ದುಡ್ಡು ಕೊಟ್ಟು ಹಾಲು ಸುರಿಯುವುದು ದಂಡ. ಲ್ಯಾಪ್ಸಾಂಗ್ ಸೂಚಾಂಗ್ ಎಂಬ ಚೀನಾ ಟೀಗೆ ಹೊಗೆ ಹಾಕಿರುತ್ತಾರೆ. ರೂಯಿಬೋಸ್ ಟೀ ಗಿಡದ್ದೇ ಅಲ್ಲ. 'ಚಾಯ್' ಎಂದು ಮಾರುವ ಮಸಾಲೆ ಡಬ್ಬಿಯಲ್ಲಿ ನೀವು ತೆರುವುದು ಬಹುಪಾಲು ಚಕ್ಕೆ ಲವಂಗಕ್ಕೆ, ಅದೂ ಟೀಯ ರೇಟಿನಲ್ಲಿ.

ಗ್ರಾಮಿನ ಲೆಕ್ಕ

ಟೀ ಬ್ಯಾಗಿನ ಡಬ್ಬಿಯಲ್ಲಿ ಎಷ್ಟು ಬ್ಯಾಗ್ ಇದೆ ಎಂದು ನೋಡಬೇಡಿ, ಒಟ್ಟು ತೂಕ ನೋಡಿ. 20 ಬ್ಯಾಗ್, ಒಂದೊಂದರಲ್ಲಿ 2 ಗ್ರಾಂ ಎಂದರೆ ಇಡೀ ಡಬ್ಬಿಯಲ್ಲಿ ಇರುವುದು 40 ಗ್ರಾಂ ಪುಡಿ. ಅದಕ್ಕೆ 2 ಯೂರೋ ಎಂದುಕೊಂಡರೆ ಕಿಲೋಗೆ 50 ಯೂರೋ ಬಿತ್ತು. ಪಕ್ಕದ ಬೀದಿಯಲ್ಲಿ 500 ಗ್ರಾಂ ಬಿಡಿ ಪುಡಿಗೆ 7 ಯೂರೋ ಇದ್ದರೆ ಕಿಲೋಗೆ 14 ಮಾತ್ರ. ಯುರೋಪ್ ಮತ್ತು ಬ್ರಿಟನ್ನಿನ ಸೂಪರ್ ಮಾರ್ಕೆಟ್ಟುಗಳಲ್ಲಿ ಕಪಾಟಿನ ಬೆಲೆಚೀಟಿಯಲ್ಲೇ 100 ಗ್ರಾಂ ಅಥವಾ ಕಿಲೋ ದರ ಸಣ್ಣಕ್ಷರದಲ್ಲಿ ಇರುತ್ತದೆ. ದೊಡ್ಡಕ್ಷರದ್ದನ್ನು ಬಿಟ್ಟು ಅದನ್ನೇ ಓದಿ.

150 ಮಿ.ಲೀ. ಲೋಟ ಟೀಗೆ ಸುಮಾರು ಎರಡೂವರೆ ಗ್ರಾಂ ಪುಡಿ ಬೇಕು, ಅಂದರೆ ಮಟ್ಟಸವಾದ ಒಂದು ಟೀ ಚಮಚ. ದಿನಕ್ಕೆ ಎರಡು ಲೋಟ ಕುಡಿಯುವವರಿಗೆ ತಿಂಗಳಿಗೆ 150 ಗ್ರಾಂ. ಒಂದು ಕಿಲೋ ಆರು ತಿಂಗಳಿಗೆ ಧಾರಾಳ. ಅದಕ್ಕಿಂತ ಹೆಚ್ಚು ಹೊತ್ತೊಯ್ಯುವ ಅಗತ್ಯವಿಲ್ಲ. ಮನೆಯಿಂದ ಪಾರ್ಸೆಲ್ ತರಿಸಿದರೆ ಪುಡಿಗಿಂತ ಅಂಚೆ ಖರ್ಚೇ ಹೆಚ್ಚಾದೀತು. ಉಳಿದ ತೂಕಕ್ಕೆ ಕಾಳುಮೆಣಸು, ಏಲಕ್ಕಿ, ಕಾಚಂಪುಳಿ ಇದೆಯಲ್ಲ.

ಒಯ್ಯುವುದಾದರೆ ಕಂಪೆನಿಯ ಸೀಲ್ ಒಡೆಯದ, ಲೇಬಲ್ ಇರುವ ಪ್ಯಾಕೆಟ್ಟನ್ನೇ ಒಯ್ಯಿರಿ. ಸಂತೆಯಲ್ಲಿ ತೂಗಿಸಿ ಕವರಿಗೆ ಕಟ್ಟಿಸಿಕೊಂಡ ಪುಡಿ ಏನೆಂದು ಕಸ್ಟಮ್ಸ್‌ನವರಿಗೆ ತಿಳಿಯುವುದಿಲ್ಲ. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗೆ ಹೋಗುವವರು ಅಲ್ಲಿಗೆ ಇಳಿಯುವಾಗ ತುಂಬುವ ಕಾರ್ಡಿನಲ್ಲಿ ಅಥವಾ ಆನ್‌ಲೈನ್ ಫಾರ್ಮಿನಲ್ಲಿ ತಪ್ಪದೆ ಡಿಕ್ಲೇರ್ ಮಾಡಬೇಕು. ಮುಚ್ಚಿಟ್ಟರೆ ದಂಡ. ಯುರೋಪ್ ಒಕ್ಕೂಟದ ದೇಶಗಳಿಗೆ ಹೊರಗಿನ ಹಾಲಿನ ಪದಾರ್ಥ ತರುವಂತಿಲ್ಲ, ಹಾಗಾಗಿ ಹಾಲಿನ ಪುಡಿ ಬೆರೆತ ಇನ್‌ಸ್ಟಂಟ್ ಟೀ ಪ್ರೀಮಿಕ್ಸ್ ಬೇಡ.

ಇಂಡಿಯನ್ ಅಂಗಡಿ ಒಂದೇ ಅಲ್ಲ

ಹೋದ ಕೂಡಲೇ ಎಲ್ಲರೂ ಹುಡುಕುವುದು ಇಂಡಿಯನ್ ಸ್ಟೋರ್. ಆದರೆ ಪಾಕಿಸ್ತಾನಿ ಅಂಗಡಿಗೂ ಒಮ್ಮೆ ಹೋಗಿ. ಪಾಕಿಸ್ತಾನ ತನ್ನ ಟೀಯ ಬಹುಪಾಲನ್ನು ಕೀನ್ಯಾದಿಂದ ತರಿಸುತ್ತದೆ, ಕೀನ್ಯಾದ್ದು ಬಹುತೇಕ ಸಿಟಿಸಿ. ಅಲ್ಲಿ 'ದಾನೇದಾರ್' ಎಂದು ಮಾರುವ ಕಾಳು ಟೀ ಹಾಲಿಗೆ ಹೇಳಿ ಮಾಡಿಸಿದ್ದು. ಪೂರ್ವ ಆಫ್ರಿಕಾದವರ ಅಂಗಡಿಗಳಲ್ಲೂ ಇದೇ ಜಾತಿಯ ಪುಡಿ ಸಿಗುತ್ತದೆ. ಶ್ರೀಲಂಕಾದವರ ಅಂಗಡಿಯಲ್ಲಿ ಬಿಒಪಿಎಫ್ ಎಂಬ ಸಣ್ಣ ಚೂರಿನ ದರ್ಜೆ ಅಥವಾ ಡಸ್ಟ್ ಕೇಳಿ. ಪ್ಯಾಕೆಟ್ ಮೇಲೆ ಕತ್ತಿ ಹಿಡಿದ ಸಿಂಹದ ಮುದ್ರೆ ಇದ್ದರೆ ಅದು ಅಲ್ಲೇ ಬೆಳೆದು ಅಲ್ಲೇ ಪ್ಯಾಕ್ ಆದ ಸಿಲೋನ್ ಟೀ. ಟರ್ಕಿಯವರ ಟೀ ಅಗ್ಗ, ಆದರೆ ಅದು ಹಾಲಿಲ್ಲದೆ ಕುಡಿಯುವವರಿಗೆ.

ಬ್ರಿಟನ್, ಐರ್ಲೆಂಡಿನಲ್ಲಿರುವವರಿಗೆ ಚಿಂತೆಯಿಲ್ಲ. ಅಲ್ಲಿಯ ಸಾಮಾನ್ಯ ಟೀ ಬ್ಯಾಗುಗಳು ಹಾಲಿಗೆಂದೇ ಮಾಡಿದ ಕಡು ಮಿಶ್ರಣ. (ಅಲ್ಲಿ ಮನೆಮನೆಯ ಹೆಸರಾದ ಟೆಟ್ಲಿಯನ್ನು ನಮ್ಮ ಟಾಟಾದವರು 2000ರಲ್ಲೇ ಕೊಂಡುಕೊಂಡಿದ್ದಾರೆ.) ಸೂಪರ್ ಮಾರ್ಕೆಟ್ಟಿನ ಸ್ವಂತ ಲೇಬಲ್ಲಿನ ಅಗ್ಗದ ಬ್ಯಾಗನ್ನು ಕತ್ತರಿಸಿ ಪುಡಿಯನ್ನು ಪಾತ್ರೆಗೆ ಸುರಿದರೆ, ಬಹುತೇಕ ನಮ್ಮ ಡಸ್ಟೇ. ಬ್ಯಾಗನ್ನು ಇಡಿಯಾಗಿ ಹಾಕಿ ಕುದಿಸಬೇಡಿ: ಹರಿದು ರಂಪವಾಗುತ್ತದೆ, ಜೊತೆಗೆ ಕೆಲವು ಬ್ಯಾಗುಗಳ ಅಂಚನ್ನು ಪ್ಲಾಸ್ಟಿಕ್ಕಿನಿಂದ ಬೆಸೆದಿರುತ್ತಾರೆ.

ಜರ್ಮನಿಯಲ್ಲಿ ಸೂಪರ್ ಮಾರ್ಕೆಟ್ಟಿನ ಹಣ್ಣು-ಹೂವಿನ ಟೀಗಳ ಸಾಲು ದಾಟಿ 'ಓಸ್ಟ್‌ಫ್ರೀಸೆನ್' ಎಂಬ ಹೆಸರು ಹುಡುಕಿ. ಉತ್ತರ ಕರಾವಳಿಯ ಆ ಸೀಮೆಯವರು ದಪ್ಪ ಕೆನೆ ಹಾಕಿ ಟೀ ಕುಡಿಯುವವರು. ಅವರ ಮಿಶ್ರಣದಲ್ಲಿ ಅಸ್ಸಾಮಿನ ಪಾಲೇ ದೊಡ್ಡದು. ಅಮೆರಿಕದ ಮಾಮೂಲಿ ಟೀ ಬ್ಯಾಗುಗಳು ಹೆಚ್ಚಾಗಿ ಐಸ್ ಟೀಗೆ ಹೊಂದಿಸಿದ ತೆಳು ಮಿಶ್ರಣ, ಅಲ್ಲಿ ನೇರವಾಗಿ ದೇಸಿ ಅಂಗಡಿಗೇ ಹೋಗಿ. ಗಲ್ಫಿನಲ್ಲಿ ಮಲಯಾಳಿ ಅಂಗಡಿಗಳಿರುವಾಗ ಹುಡುಕಾಟವೇ ಬೇಡ.

ಕೊಳ್ಳುವಾಗ ಪ್ಯಾಕ್ ಆದ ತಾರೀಕು ನೋಡಿ. ಆರು ತಿಂಗಳೊಳಗಿನದು ಉತ್ತಮ, ಒಂದು ವರ್ಷ ದಾಟಿದ್ದು ಅರ್ಧ ಬೆಲೆಗೆ ಸಿಕ್ಕರೂ ಬೇಡ. ಇಂಗು, ಊದುಬತ್ತಿಯ ಪಕ್ಕದಲ್ಲಿ ಜೋಡಿಸಿಟ್ಟ ತೆಳು ಕವರಿನ ಪುಡಿಯನ್ನೂ ಬಿಡಿ, ಟೀ ಸುತ್ತಲಿನ ವಾಸನೆಯನ್ನೆಲ್ಲ ಹೀರುತ್ತದೆ. ಮನೆಗೆ ತಂದ ಮೇಲೆ ಕಲಬೆರಕೆಯ ಅನುಮಾನ ಬಂದರೆ ಒದ್ದೆ ಫಿಲ್ಟರ್ ಪೇಪರ್ ಮೇಲೆ ಚಿಟಿಕೆ ಪುಡಿ ಉದುರಿಸಿ. ಒಳ್ಳೆಯ ಪುಡಿ ಮೆಲ್ಲಗೆ ಮಾಸಲು ಕಂದು ಬಿಡುತ್ತದೆ. ಬಣ್ಣ ಬೆರೆಸಿದ್ದು ತಕ್ಷಣವೇ ಢಾಳಾಗಿ ಹರಿದು ಕಲೆ ಕಟ್ಟುತ್ತದೆ.

ನೀರು ಮತ್ತು ಹಾಲು

ಕೊಡಗಿನ ನೀರು ಮೆದು, ಸೋಪು ಹಚ್ಚಿದರೆ ತೊಳೆದಷ್ಟೂ ಹೋಗುವುದಿಲ್ಲ. ಲಂಡನ್, ಮ್ಯೂನಿಕ್ ಕಡೆಯದು ಗಡಸು, ಕೆಟಲಿನ ತಳದಲ್ಲಿ ಬಿಳಿ ಸುಣ್ಣ ಕಟ್ಟುತ್ತದೆ. ಆ ಸುಣ್ಣದಂಶ ಟೀಯ ಒಗರಿನ ಅಂಶದೊಡನೆ ಸೇರಿ ಮೇಲೆ ಎಣ್ಣೆಯಂಥ ಪೊರೆ ಕಟ್ಟುತ್ತದೆ. ಬಣ್ಣ ಕಪ್ಪಾಗಿ ಮಂಕಾಗುತ್ತದೆ, ರುಚಿ ಸಪ್ಪೆ. ಪುಡಿ ಹೆಚ್ಚಿಸಿದರೆ ಕಹಿಯಾಗುತ್ತದೆಯೇ ಹೊರತು ಪೊರೆ ಹೋಗುವುದಿಲ್ಲ. ಪರೀಕ್ಷೆ ಸುಲಭ: ಖನಿಜಾಂಶ ಲೀಟರಿಗೆ 150 ಮಿ.ಗ್ರಾಂ. ಒಳಗಿರುವ ಬಾಟಲಿ ನೀರಿನಲ್ಲಿ ಒಮ್ಮೆ ಟೀ ಮಾಡಿ ನೋಡಿ. ವ್ಯತ್ಯಾಸ ಕಂಡರೆ ಫಿಲ್ಟರ್ ಜಗ್ ಕೊಳ್ಳಿ, ಕಾರ್ಟ್ರಿಡ್ಜನ್ನು ತಿಂಗಳಿಗೊಮ್ಮೆ ಬದಲಿಸಿ. ಗ್ಲಾಸ್ಗೊ, ಆಸ್ಲೊ ಕಡೆಯವರಿಗೆ ಈ ಖರ್ಚಿಲ್ಲ, ಅಲ್ಲಿಯ ನಲ್ಲಿ ನೀರೇ ಮೆದು.

ಹಾಲಿನಲ್ಲಿ ಕೊಬ್ಬು ಮೂರೂವರೆ ಶೇಕಡಾದ ಆಸುಪಾಸು ಇರಲಿ. ಬ್ರಿಟನ್ನಿನಲ್ಲಿ ನೀಲಿ ಮುಚ್ಚಳದ್ದು ಅದು, ಹಸಿರು ಮುಚ್ಚಳದ್ದು ಅರ್ಧ ಕೆನೆ ತೆಗೆದದ್ದು. ತಿಂಗಳುಗಟ್ಟಲೆ ಹೊರಗಿಡಬಹುದಾದ ಡಬ್ಬಿ ಹಾಲಿಗೆ ಮೊದಲೇ ಕಾಯಿಸಿದ ವಾಸನೆ ಇರುತ್ತದೆ. ಫ್ರಿಜ್ ಸಾಲಿನದೇ ತನ್ನಿ.

ಎರಡು ಲೋಟಕ್ಕೆ: 200 ಮಿ.ಲೀ. ನೀರಿಗೆ ಜಜ್ಜಿದ ಶುಂಠಿ ಹಾಕಿ ಚೆನ್ನಾಗಿ ಕುದಿಸಿ. ಹಸಿ ಶುಂಠಿಯಲ್ಲಿ ಹಾಲೊಡೆಸುವ ಕಿಣ್ವವಿದೆ, ನೀರಿನಲ್ಲೇ ಕುದಿದರೆ ಅದು ಸಾಯುತ್ತದೆ. ಎರಡು ಚಮಚ ಡಸ್ಟ್ ಹಾಕಿ ಎರಡು ನಿಮಿಷ ಬಿಡಿ, 150 ಮಿ.ಲೀ. ಹಾಲು ಸುರಿದು ಒಂದು ಉಕ್ಕು ಬಂದ ಕೂಡಲೇ ಇಳಿಸಿ. ಇಂಡಕ್ಷನ್ ಒಲೆಯಲ್ಲಿ ಆ ಉಕ್ಕು ಹೇಳದೆ ಕೇಳದೆ ಬರುತ್ತದೆ, ಎತ್ತರದ ಪಾತ್ರೆಯೇ ಇರಲಿ. ಬೆಲ್ಲದ ಟೀ ಬೇಕೆನಿಸಿದರೆ ಬೆಲ್ಲವನ್ನು ಒಲೆಯ ಮೇಲಿರುವಾಗ ಹಾಕಬೇಡಿ. ಸೋಸಿ ಲೋಟಕ್ಕೆ ಬಗ್ಗಿಸಿದ ಮೇಲೆ ಪುಡಿಬೆಲ್ಲ ಹಾಕಿ ಕಲಕಿ.