ಕಾರಿಗೆ ಹೊರಗಿನ ತಾಪಮಾನದ ಮೀಟರ್ ಹಾಕಿಕೊಂಡದ್ದು: ನನ್ನ ಅನುಭವ

ಮೀಟರ್ ಎಷ್ಟೇ ಒಳ್ಳೆಯದಿರಲಿ, ಪ್ರೋಬ್ (ವೈರಿನ ತುದಿಯಲ್ಲಿ ಬಿಸಿ ಅಳೆಯುವ ತುಂಡು) ತಪ್ಪು ಜಾಗದಲ್ಲಿ ಕೂತರೆ ಅದು ತೋರಿಸೋದು ಇಂಜಿನ್ನಿನ ಬಿಸಿಯನ್ನೇ. ಮೊದಲು ಬಾನೆಟ್ ಒಳಗೆ, ಹೆಡ್‌ಲೈಟಿನ ಹಿಂದೆ ಕಟ್ಟಿ ನೋಡಿದೆ. ಹೈವೇ ಸರ್ಕಲ್ ಸಿಗ್ನಲ್‌ನಲ್ಲಿ ಎರಡು ನಿಮಿಷ ನಿಂತರೆ 31 ಇದ್ದದ್ದು 38ಕ್ಕೆ ಹೋಗುತ್ತಿತ್ತು. ಈಗ ಮುಂದಿನ ಬಂಪರಿನ ಒಳಗೆ, ಎಡಗಡೆ ಫಾಗ್ ಲ್ಯಾಂಪಿನ ಗೂಡಿನ ಹತ್ತಿರ, ಬಿಸಿ ಗಾಳಿ ಬಿಡುವ ಎಸಿ ಕಂಡೆನ್ಸರಿನಿಂದ ಒಂದು ಗೇಣು ದೂರ ಇದೆ. ಬಿಸಿಲು ಬೀಳಲ್ಲ, ಓಡುವಾಗ ಗಾಳಿ ತಾಗುತ್ತೆ. ಪ್ರೋಬಿನ ತುದಿ ತಗಡಿಗೆ ತಾಗದೆ ಗಾಳಿಯಲ್ಲೇ ನಿಂತಿರಬೇಕು. ಅದಕ್ಕೆ ಪ್ಲಾಸ್ಟಿಕ್ ಪಟ್ಟಿಗೆ ಕೇಬಲ್ ಟೈ ಹಾಕಿದೆ. ಟ್ರಾಫಿಕ್ಕಿನಲ್ಲಿ ಈಗಲೂ ಒಂದೆರಡು ಡಿಗ್ರಿ ಏರುತ್ತೆ, ಗಾಡಿ ಓಡಿದರೆ ಇಳಿಯುತ್ತೆ.

ಇದು 12 ವೋಲ್ಟಿನ ಡಿಜಿಟಲ್ ಮೀಟರ್, 3 ಮೀಟರ್ ವೈರಿನ ತುದಿಗೆ 10 ಕಿಲೋ ಓಮಿನ ಎನ್‌ಟಿಸಿ ಪ್ರೋಬ್, ಅಂದರೆ ಬಿಸಿ ಏರಿದಂತೆ ಅದರ ರೋಧ ಇಳಿಯುತ್ತೆ. ಗಾಡಿಗೆ ಹಾಕುವ ಮೊದಲೇ ಪರೀಕ್ಷೆ ಮಾಡಿಬಿಡಿ: ಲೋಟದ ತುಂಬ ಪುಡಿ ಐಸು, ಸಂದು ತುಂಬುವಷ್ಟು ನೀರು, ಕಲಕುತ್ತಾ ಐದು ನಿಮಿಷ. 0 ಬರಬೇಕು, ನನ್ನದರಲ್ಲಿ 0.6 ಬಂತು. ಒಂದು ಡಿಗ್ರಿಯೊಳಗಿದ್ದರೆ ತಲೆ ಕೆಡಿಸಿಕೊಳ್ಳೋದು ಬೇಡ.

ಬ್ಯಾಟರಿಯ ನೆಗೆಟಿವ್ ಬಿಚ್ಚಿ ಕೆಲಸ ಶುರು. ಫೈರ್‌ವಾಲಿಗೆ (ಇಂಜಿನ್ನಿಗೂ ಕಾರಿನ ಒಳಗಡೆಗೂ ನಡುವಿನ ತಗಡು) ಹೊಸ ತೂತು ಕೊರೆಯಬೇಡಿ, ತಗಡಿನ ಅಂಚು ವೈರನ್ನು ಕೊಯ್ಯುತ್ತೆ. ವೈರುಗಳು ಹಾಯಲು ಅಲ್ಲೇ ಇರುವ ರಬ್ಬರ್ ಬಿರಡೆ, ಅಂದರೆ ಗ್ರೊಮೆಟ್ಟಿನಲ್ಲೇ ಸೈಕಲ್ ಸ್ಪೋಕ್ ತೂರಿಸಿ, ಅದರ ತುದಿಗೆ ವೈರನ್ನು ಟೇಪಿನಲ್ಲಿ ಸುತ್ತಿ, ಸೋಪ್ ನೀರು ಸವರಿ ಎಳೆದೆ. ಗ್ರೊಮೆಟ್ಟಿಗೆ ಬರುವ ಮುಂಚೆ ವೈರ್ ಸ್ವಲ್ಪ ಕೆಳಕ್ಕೆ ಜೋತಿರಲಿ. ಮಳೆ ನೀರು ಅಲ್ಲೇ ತೊಟ್ಟಿಕ್ಕುತ್ತೆ, ಒಳಗೆ ಬರಲ್ಲ. ಒಳಗಡೆ ಪೆಡಲ್, ಸ್ಟೀರಿಂಗ್ ರಾಡ್ ಹತ್ತಿರ ವೈರ್ ಸುಳಿಯಬಾರದು.

ಕರೆಂಟಿಗೆ, ಕೀ ತಿರುಗಿಸಿದಾಗ ಮಾತ್ರ 12 ವೋಲ್ಟ್ ಬರುವ ಫ್ಯೂಸನ್ನು ಮಲ್ಟಿಮೀಟರಿನಲ್ಲಿ ಹುಡುಕಿ, ಆ ಜಾಗದಿಂದ ಇನ್ನೊಂದು ವೈರ್ ತೆಗೆಯುವ ಫ್ಯೂಸ್ ಟ್ಯಾಪ್ ಹಾಕಿ 2 ಆಂಪಿಯರ್ ಫ್ಯೂಸ್ ಕೊಟ್ಟೆ. ಏರ್‌ಬ್ಯಾಗ್, ಎಬಿಎಸ್ (ಬ್ರೇಕ್) ಫ್ಯೂಸುಗಳ ಸುದ್ದಿಗೇ ಹೋಗಬೇಡಿ. ಅರ್ತ್ ಕೊಡುವ ಬೋಲ್ಟಿನ ಕೆಳಗೆ ಪೇಂಟ್ ಕೆರೆದುಕೊಳ್ಳಬೇಕು.

ವೈರ್ ಸಾಲದಿದ್ದರೆ ಧೈರ್ಯವಾಗಿ ಉದ್ದ ಮಾಡಬಹುದು. 25 ಡಿಗ್ರಿ ಹತ್ತಿರ ಪ್ರೋಬಿನ ರೋಧ ಒಂದು ಡಿಗ್ರಿಗೆ ಸುಮಾರು 440 ಓಮ್ ಬದಲಾಗುತ್ತೆ. ಎರಡು ಮೀಟರ್ ತಾಮ್ರದ ವೈರಿನ ರೋಧ ಅದರ ಮುಂದೆ ಲೆಕ್ಕಕ್ಕಿಲ್ಲ. ಆದರೆ ಜಾಯಿಂಟ್ ಸೋಲ್ಡರ್ ಮಾಡಿ ಹೀಟ್ ಶ್ರಿಂಕ್ (ಬಿಸಿ ಮಾಡಿದರೆ ಕುಗ್ಗಿ ಬಿಗಿಯುವ ಕೊಳವೆ) ಹಾಕಲೇಬೇಕು. ಜಾಯಿಂಟಿಗೆ ಕಿಲುಬು ಹಿಡಿದರೆ ರೋಧ ಹೆಚ್ಚಾಗಿ ತಾಪಮಾನ ಕಡಿಮೆ ತೋರಿಸುತ್ತೆ. ನೀರು ಕೂತು ಎರಡು ವೈರಿನ ಮಧ್ಯೆ ಲೀಕ್ ಆದರೆ ಜಾಸ್ತಿ. ಏನೂ ತೋರಿಸದೆ ಬರೀ ಗೆರೆ ಬಂದರೆ ವೈರ್ ತುಂಡಾಗಿದೆ ಎಂದು ಅರ್ಥ. ನಮ್ಮ ಕಡೆ ಅದು ಬಹುಪಾಲು ಇಲಿಯ ಕೆಲಸ. ಬಾನೆಟ್ ಒಳಗಿನ ವೈರಿಗೆ ಪೂರ್ತಿ ಕೊಳವೆ ಹಾಕಿದೆ.